ಮೇಜಿಗೊಂದು ಸೆರಗು

"ಟೇಬಲ್ಲಿಗೂ ಸೆರಗು ಹೊದಿಸ್ತಾರೇನವ್ವಾ ಅಲ್ಲಿ?"

ನಾರ್ವೆಯ ಬರ್ಗೆನ್‌ಗೆ ಹೊರಡುವ ಹಿಂದಿನ ದಿನ ಅಮ್ಮ ಕೇಳಿದ ಮಾತಿದು. ಸೂಟ್‌ಕೇಸಿನಲ್ಲಿ ಸಂಡೂರಿನಿಂದ ತಂದ ಟೇಬಲ್ ರನ್ನರ್, ಅಂದರೆ ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿ ಇತ್ತು. ಕೆಂಪು ಬಟ್ಟೆ, ಮೊಳದಗಲ, ನನ್ನಷ್ಟುದ್ದ. ಅಂಚಿಗೆ ಕವಡೆ, ಮಧ್ಯೆ ಕನ್ನಡಿ. ಬಳ್ಳಾರಿಯ ನಮ್ಮ ಮನೆಯಲ್ಲಿ ಊಟ ನೆಲದ ಮೇಲೆ. ಇರುವ ಒಂದು ಮೇಜಿನ ಮೇಲೆ ಟಿವಿ, ಕರೆಂಟ್ ಬಿಲ್ಲು, ಅಪ್ಪನ ಮಾತ್ರೆ ಡಬ್ಬಿ. ಅದಕ್ಕೆಲ್ಲಿ ಸೆರಗು?

ಅಮ್ಮ ಹೇಳಿದ್ದು ತಪ್ಪೇನಲ್ಲ. ಈ ಕಸೂತಿ ಮೇಜಿಗೆ ಅಂತ ಹುಟ್ಟಿದ್ದೇ ಅಲ್ಲ. ಲಂಬಾಣಿ ಹೆಂಗಸರು ತಮ್ಮ ಪೇಟಿಯಾಕ್ಕೆ (ಲಂಗ), ಕಾಂಚಳಿಗೆ (ಕುಪ್ಪಸ) ಹಾಕಿಕೊಳ್ಳುತ್ತಿದ್ದ ಹೊಲಿಗೆ. ಬ್ಯಾಗು, ದಿಂಬಿನ ಕವರ್, ರನ್ನರ್ ಎಲ್ಲ ಆಮೇಲೆ ಮಾರಾಟಕ್ಕೆ ಅಂತ ಬಂದವು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯೂ ಆಯಿತು.

ಇಲ್ಲಿ ಬರ್ಗೆನ್‌ನಲ್ಲಿ ರನ್ನರ್ ಇಲ್ಲದ ಮನೆಯೇ ನಾನು ನೋಡಿಲ್ಲ. ‘ಲೋಪರ್’ ಅನ್ನುತ್ತಾರೆ, ಓಡುವವನು ಅಂತಲೇ ಅರ್ಥ. ಅದರ ಮೇಲೆ ತಟ್ಟೆ ಇಡೋದಿಲ್ಲ, ಮೇಣದ ಬತ್ತಿ ಇಡುತ್ತಾರೆ. ನನಗಿದು ಗೊತ್ತಾಗಿದ್ದು ಕನ್ನಡಿ ಮೇಲೆ ಇಟ್ಟ ಚಹಾ ಲೋಟ ವಾಲಿ ಚೆಲ್ಲಿದ ಮೇಲೆ. ಕಲೆ ಹೋಗಲಿ ಅಂತ ಮಶಿನ್‌ಗೆ ಹಾಕಿದೆ. ಎರಡು ಕನ್ನಡಿ ಉದುರಿದವು.

ಎಲ್ಲ ಉದ್ದ ಬಟ್ಟೆಯೂ ರನ್ನರ್ ಅಲ್ಲ ಅಂತಲೂ ಇಲ್ಲೇ ಕಲಿತೆ. ಭಾಷೆ ಕ್ಲಾಸಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದಿದ್ದೆವು. ಉಕ್ರೇನಿನ ಗೆಳತಿ ಬಿಳಿ ಬಟ್ಟೆ ಹಾಸಿದಳು. ಎರಡೂ ತುದಿಗೆ ಕೆಂಪು ದಾರದ ಹೂವು. ನಾನು ಚಿತ್ರಾನ್ನದ ಡಬ್ಬಿ ಇಡಲು ಹೋದೆ. ಆಕೆ ಮೆಲ್ಲಗೆ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. ಅದು ರುಶ್ನಿಕ್. ದೇವರ ಪಟಕ್ಕೆ ಹಾಕುತ್ತಾರೆ, ಮದುವೆಯಲ್ಲಿ ಗಂಡು ಹೆಣ್ಣು ಅದರ ಮೇಲೆ ನಿಲ್ಲುತ್ತಾರೆ, ಬಂದವರಿಗೆ ಅದರ ಮೇಲೇ ರೊಟ್ಟಿ, ಉಪ್ಪು ಇಟ್ಟು ಕೊಡುತ್ತಾರೆ. ಅವತ್ತೂ ಅದರ ಮೇಲೆ ಕೂತಿದ್ದು ರೊಟ್ಟಿ, ಉಪ್ಪು ಅಷ್ಟೇ.

ಉದುರಿದ ಕನ್ನಡಿ ಕೂರಿಸಲು ಪಕ್ಕದ ಮನೆ ಅಜ್ಜಿ ಬಂದರು. ಇಲ್ಲಿ ಎಂಬತ್ತಾದವರನ್ನೂ ಹೆಸರು ಹಿಡಿದೇ ಕರೀಬೇಕು. ನನಗೆ ಬಾಯಿ ಬರಲ್ಲ, ಮನಸ್ಸಲ್ಲಿ ಅಜ್ಜಿ ಅಂತಲೇ. ಅವರು ರನ್ನರ್ ಕೈಗೆ ತಗೊಂಡವರೇ ಮೊದಲು ಮಗುಚಿದರು. ಹಿಂದಿನ ಗಂಟು, ದಾರ ಎಲ್ಲ ಬೆರಳಾಡಿಸಿ ನೋಡಿದರು. ಕನ್ನಡಿಗೆ ತೂತಿಲ್ಲ, ಅಂಟಿಲ್ಲ, ಹೇಗೆ ನಿಂತಿದೆ ಅಂತ ಅವರಿಗೆ ಆಶ್ಚರ್ಯ. ಉಳಿದ ಕನ್ನಡಿಗಳನ್ನು ನೋಡುತ್ತಾ ಇಬ್ಬರೂ ಕಲಿತೆವು. ಮೊದಲು ಮೇಲೆ ಅಡ್ಡ ಎರಡು, ಉದ್ದ ಎರಡು ದಾರ ಎಳೆದು ಕಟ್ಟಬೇಕು. ಆಮೇಲೆ ಆ ದಾರಗಳನ್ನೇ ಹಿಡಿದು ಸುತ್ತಲೂ ಹೊಲೀತಾ ಬಂದರೆ ಅವು ಅಂಚಿಗೆ ಸರಿದು, ಕನ್ನಡಿ ಬಿಗಿಯಾಗಿ ಕೂರುತ್ತೆ. ನನ್ನದು ಸೊಟ್ಟ. ಅವರದು ಸಂಡೂರಿನವರದ್ದೇ ಅನ್ನುವ ಹಾಗಿದೆ.

ಮರುದಿನ ತಮ್ಮ ರನ್ನರ್ ತಂದು ತೋರಿಸಿದರು. ಹಾರ್ಡಾಂಗರ್ ಕಸೂತಿ, ಇಲ್ಲೇ ಹತ್ತಿರದ ಸೀಮೆಯದ್ದು. ಬಿಳಿ ಬಟ್ಟೆಗೆ ಬಿಳಿ ದಾರ. ನಾಲ್ಕು ಎಳೆಗಳ ಮೇಲೆ ಐದು ಹೊಲಿಗೆ, ಹೀಗೆ ಎಣಿಸಿ ಎಣಿಸಿ ಚೌಕ ಮಾಡಿ, ಒಳಗಿನ ಎಳೆಗಳನ್ನು ಕತ್ತರಿಸಿ ತೆಗೀತಾರೆ. ಉಳಿದ ಎಳೆಗಳಿಗೆ ದಾರ ಸುತ್ತಿದರೆ ಜಾಳಿಗೆ. ಎಳೆ ಎಣಿಸಿ ಹಾಕುವ ನಮ್ಮ ಧಾರವಾಡ ಕಸೂತಿಗೆ ಇದು ಜಾಸ್ತಿ ಹತ್ತಿರ ಅನ್ನಿಸಿತು. ಕತ್ತರಿ ಒಂದೆಳೆ ತಪ್ಪಿದರೆ ತಿಂಗಳ ಕೆಲಸ ಹೋಯ್ತು ಅಂದರು.

ಡಿಸೆಂಬರಿನಲ್ಲಿ ಇಲ್ಲಿ ಹಗಲು ಆರು ಗಂಟೆಯೂ ಇರಲ್ಲ. ಸಂಜೆ ಮೇಣದ ಬತ್ತಿ ಹಚ್ಚಿದರೆ ಕನ್ನಡಿ ಚುಕ್ಕೆಗಳು ಚಾವಣಿ ತುಂಬಾ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಅದನ್ನೇ ತೋರಿಸಿದೆ. "ಅದಿರಲಿ, ಆ ಅಜ್ಜಿದು ತೋರಿಸು" ಅಂದಳು. ಆಕೆ ವರ್ಷಕ್ಕೊಂದು ಕೌದಿ ಹೊಲಿಯುವವಳು. ಅಜ್ಜಿ ಪಕ್ಕದಲ್ಲೇ ಇದ್ದರು, ಬಿಳಿ ರನ್ನರನ್ನು ಫೋನಿನ ಹತ್ತಿರ ಹಿಡಿದರು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು.

"ಚಂದ ಐತಿ. ಮಗುಚಿ ಹಿಡಿ ಅನ್ನವ್ವ, ಹಿಂದ್ಲ ಮಗ್ಗಲು ನೋಡಬೇಕು."

ನಾನು ನಾರ್ವೇಜಿಯನ್‌ನಲ್ಲಿ ಹೇಳುವಷ್ಟರಲ್ಲಿ ಅಜ್ಜಿ ಮಗುಚಿಯಾಗಿತ್ತು.