ಸೀಲ್ ಬೀಳದ ಪಾಸ್

ರಾತ್ರಿ ಒಂದೂ ಮುಕ್ಕಾಲಿಗೆ ಆ ಲಾರಿ ಬಂತು. ಕಾರವಾರದಿಂದ ಗೋವಾ ಕಡೆ ಹೋಗುವ ದಾರಿಯಲ್ಲಿ ನಮ್ಮ ಅರಣ್ಯ ಇಲಾಖೆಯ ಒಂದು ನಾಕೆ, ಅಂದರೆ ಚೆಕ್‌ಪೋಸ್ಟ್. ವಾಚರ್ ರಜೆ ಮೇಲಿದ್ದ, ನಾನೊಬ್ಬನೇ ಡ್ಯೂಟಿಯಲ್ಲಿದ್ದೆ. ಕರೆಂಟ್ ಹೋಗಿತ್ತು.

ಮರ ಸಾಗಿಸಲು ಇಲಾಖೆ ಕೊಡುವ ಪಾಸ್ ಸರಿಯಿತ್ತು. ಡಿಪೋ ಹರಾಜಿನ ಸಾಗವಾನಿ, 28 ತುಂಡು. ಟಾರ್ಚ್ ಹಿಡಿದು ಎಣಿಸಿದೆ, 28. ಕೈಗೆ ಸಿಕ್ಕ ತುಂಡುಗಳ ನಂಬರ್, ಇಲಾಖೆ ಸುತ್ತಿಗೆಯಿಂದ ಒತ್ತಿದ ಹ್ಯಾಮರ್ ಗುರುತು ತಾಳೆಯಾಯಿತು. ಇನ್ನು ಪಾಸಿನ ಹಿಂಬದಿ ಸೀಲ್ ಹೊಡೆದು ಬಿಡಬೇಕು, ಅಷ್ಟೇ. ಆದರೆ ಇಂಕ್ ಪ್ಯಾಡ್ ಒಣಗಿತ್ತು. ಹೊಸದು ಕೊಡಿ ಅಂತ ಮೂರು ಸಲ ಕೇಳಿದ್ದೆ, ಬಂದಿರಲಿಲ್ಲ. ನೀರು ಹಾಕಿ ಒತ್ತಿದೆ, ಕಾಗದ ಒದ್ದೆಯಾಯಿತು, ಅಕ್ಷರ ಮೂಡಲಿಲ್ಲ. ಹಿಂದೆ ಮೀನಿನ ಲಾರಿಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು.

‘ಸೀಲ್ ಇಲ್ದಿದ್ರೂ ನಡೀತದೆ ಸರ್, ಬಿಡಿ’ ಎಂದ ಡ್ರೈವರ್.

ನನ್ನ ಕಷ್ಟ ನೋಡಿ ಹೇಳಿದ ಅಂದುಕೊಂಡೆ. ಅಡ್ಡಗೆರೆ ಎಳೆದು, ಪೆನ್ನಿನಲ್ಲಿ ಸಮಯ ಬರೆದು ಸಹಿ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೇನಲ್ಲ, ಅದೇ ದಾಖಲೆ ಎಂದು ಗೇಟ್ ಎತ್ತಿದೆ.

ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಗೋವಾ ಕಡೆಯ ಗಾರ್ಡ್. ನನ್ನ ನಂಬರ್ ಯಾರಿಂದಲೋ ಕೇಳಿ ಪಡೆದಿದ್ದರು. ಕೊಂಕಣಿಯಲ್ಲಿ ಪಾಸ್ ನಂಬರ್ ಓದಿ, ‘ದಾದಾ, ಇದು ನಿಮ್ಮಲ್ಲಿ ದಾಟಿದೆಯಾ?’ ಎಂದರು.

‘ಹೌದು, ರಾತ್ರಿಯೇ.’

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಹಾಗಾದ್ರೆ ಅದೇ ಲಾರಿ, ಅದೇ ಪಾಸ್, ಲೋಡ್ ಸಮೇತ ಈಗ ನನ್ನ ಮುಂದೆ ಹೇಗೆ ನಿಂತಿದೆ?’

ನನಗೆ ಕೈಕಾಲು ತಣ್ಣಗಾಯಿತು. ರಾತ್ರಿಯ ಮಾಲು ಇಳಿಸಿ, ವಾಪಸ್ ಬಂದು, ಘಟ್ಟದ ಮೇಲಿನ ಜೋಯಿಡಾ ಕಡೆ ಕದ್ದು ಕಡಿದ ನಾಟಾ, ಅಂದರೆ ಮರದ ತುಂಡು, ತುಂಬಿಕೊಂಡು ಘಟ್ಟದ ದಾರಿಯಲ್ಲಿ ಇಳಿದಿದ್ದರು. ಪಾಸಿನ ಅವಧಿ ಸಂಜೆವರೆಗೆ ಇತ್ತು, ಹಿಂಬದಿ ಸೀಲ್ ಇಲ್ಲದ್ದರಿಂದ ಒಮ್ಮೆ ದಾಟಿದ ಪಾಸ್ ಅಂತ ಯಾರಿಗೂ ತಿಳಿಯುವಂತಿರಲಿಲ್ಲ. ಆ ದಾರಿಯ ನಮ್ಮದೇ ಇಲಾಖೆಯ ನಾಕೆಯನ್ನೂ ದಾಟಿಯಾಗಿತ್ತು. ಅವರ ರಿಜಿಸ್ಟರ್ ಅವರ ಮೇಜಿನ ಮೇಲೆ, ನನ್ನದು ನನ್ನ ಮೇಜಿನ ಮೇಲೆ. ಪಾಸಿನಲ್ಲಿ ಕರಾವಳಿ ಮಾರ್ಗ ಅಂತ ಬರೆದಿದೆ, ಘಟ್ಟದಿಂದ ಯಾಕೆ ಬಂತು ಅಂತ ಅನುಮಾನಪಟ್ಟವರು ಆ ಗೋವಾ ಗಾರ್ಡ್ ಒಬ್ಬರೇ.

ಹೇಳಿಕೆ ಕೊಡಲು ಹೋದಾಗ ಆ ತುಂಡುಗಳನ್ನು ನೋಡಿದೆ. ಕೊಯ್ದ ಮುಖ ಇನ್ನೂ ಹಸಿ. ಆ ಸುತ್ತಳತೆಗೆ ಬರಲು ಸಾಗವಾನಿಗೆ ಐವತ್ತು ಅರವತ್ತು ವರ್ಷ ಬೇಕು. ನಾನು ಶಿರಸಿ ಕಡೆಯವನು. 1983ರಲ್ಲಿ ಸಾಲ್ಕಣಿ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತ ಕತೆ ಕೇಳಿಯೇ ಬೆಳೆದವನು. ಅಲ್ಲಿ ನಿಲ್ಲಲು ಆಗಲಿಲ್ಲ.

ನನಗೆ ಮೆಮೊ ಬಂತು. ಬರಲೇಬೇಕಿತ್ತು. ಆದರೆ ಎರಡು ರಾಜ್ಯಗಳ ನಾಕೆಗಳು ಒಂದಕ್ಕೊಂದು ಫೋನ್ ಮಾಡಬೇಕು ಎಂದು ಆ ಮೆಮೊದಲ್ಲಿ ಒಂದು ಸಾಲೂ ಇರಲಿಲ್ಲ. ಗೋವಾದವರಿಗೆ 1927ರ ಭಾರತೀಯ ಅರಣ್ಯ ಕಾಯ್ದೆ, ನಮಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ಪಾಸಿನ ನಮೂನೆ ಬೇರೆ, ಭಾಷೆ ಬೇರೆ. ಒಂದು ಮಾಹಿತಿ ಬೇಕಂದ್ರೆ ಕಾಗದ ಇಲ್ಲಿಂದ ಮೇಲಕ್ಕೆ ಹತ್ತಿ, ಗಡಿ ದಾಟಿ, ಅಲ್ಲಿ ಕೆಳಗಿಳಿಯಬೇಕು. ಅಷ್ಟರಲ್ಲಿ ನಾಟಾ ಹಲಗೆಯಾಗಿ, ಹಲಗೆ ಬಾಗಿಲಾಗಿರುತ್ತದೆ. ಮರ ಕದಿಯುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

2023ರ ಡಿಸೆಂಬರ್ ಕೊನೆಗೆ ಕೇಂದ್ರದವರು ಇಡೀ ದೇಶಕ್ಕೆ ಒಂದೇ ಆನ್‌ಲೈನ್ ಪಾಸ್ ವ್ಯವಸ್ಥೆ ತಂದರು, ಕ್ಯೂಆರ್ ಕೋಡ್ ಸಮೇತ. ಒಳ್ಳೆಯ ಕೆಲಸ. ನನ್ನ ಲಾರಿ ಬಂದದ್ದು ಅದಕ್ಕೂ ಮುಂಚೆ. ಆದರೆ ಕೋಡ್ ಇದ್ದರೂ ಸ್ಕ್ಯಾನ್ ಮಾಡಲು ನೆಟ್‌ವರ್ಕ್ ಬೇಕಲ್ವಾ? ನಮ್ಮ ಘಟ್ಟದ ದಾರಿಯ ಎಷ್ಟೋ ತಿರುವಿನಲ್ಲಿ ಅದೇ ಸಿಗುವುದಿಲ್ಲ.

ಈಗ ನನ್ನ ಮೇಜಿನಲ್ಲಿ ನಾನೇ ದುಡ್ಡು ಕೊಟ್ಟು ತಂದ ಎರಡು ಇಂಕ್ ಪ್ಯಾಡ್ ಇವೆ. ಯಾವ ನಾಟಾ ಲಾರಿ ದಾಟಿದರೂ ಪಾಸಿನ ಎರಡೂ ಬದಿ ಫೋಟೋ ತೆಗೆದು ಆ ಗೋವಾ ಗಾರ್ಡ್‌ಗೆ ಕಳಿಸುತ್ತೇನೆ, ಅವರೂ ಕಳಿಸುತ್ತಾರೆ. ಯಾರ ಆದೇಶವೂ ಇಲ್ಲ. ಕಳೆದ ವಾರ ಅವರಿಗೆ ಬೇರೆ ಕಡೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ನಿನ್ನೆ ನಾನೇ ಫೋನ್ ಮಾಡಿ ಹೆಸರು ಹೇಳಿಕೊಂಡೆ.