ಹಾಡಿನ ಮುಂಚಿನ ಮಾತನ್ನು ಕತ್ತರಿಸಿಬಿಟ್ಟೆವು

ನಾವು ನಾಲ್ಕು ಜನ ಸೇರಿ ಕನ್ನಡದ ಹಾಡುಗಳಿಗೆ ಅಂತಲೇ ಒಂದು ವೆಬ್‌ಸೈಟ್ ಕಟ್ಟಿದೆವು. ಸಿನಿಮಾ ಹಾಡು ಬೇಡ, ಅದಕ್ಕೆ ಬೇಕಾದಷ್ಟು ಜಾಗ ಇದೆ. ದಾಸರ ಪದ, ವಚನ, ತತ್ವಪದ, ಸೋಬಾನೆ, ಮನೆಯಲ್ಲಿ ಅಜ್ಜಿ ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟದ್ದು, ಇಂಥವನ್ನು ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ಹುಡುಕಿ ಕೇಳಬಹುದು. ನನ್ನ ಪಾಲಿಗೆ ಬಂದದ್ದು ಹುಡುಕಾಟ ಮತ್ತು ಕ್ಯಾಟಲಾಗ್. ರಾಜ್ಯೋತ್ಸವದ ದಿನ ಲಾಂಚ್ ಅಂತ ಆಗಿತ್ತು. ಅದಕ್ಕೆ ಮುಂಚಿನ ಎರಡು ತಿಂಗಳು ನಾವು ತಲೆ ಕೆಡಿಸಿಕೊಂಡದ್ದೆಲ್ಲ ಒಂದೇ ವಿಷಯಕ್ಕೆ: ಒತ್ತಿದ ತಕ್ಷಣ ಹಾಡು ಶುರುವಾಗಬೇಕು.

ಆದರೆ ಜನ ಕಳಿಸುವ ರೆಕಾರ್ಡಿಂಗ್ ಹಾಗಿರುವುದಿಲ್ಲ. ಮೊದಲು ಕೆಮ್ಮು, ಕುರ್ಚಿ ಎಳೆದ ಸದ್ದು, ಯಾರೋ ಏನೋ ಮಾತಾಡುತ್ತಾರೆ, ಆಮೇಲೆ ಹಾಡು. ಅದಕ್ಕೆ ಒಂದು ಪ್ರೋಗ್ರಾಂ ಹಾಕಿದೆವು. ಹಾಡು ಎಲ್ಲಿ ಶುರುವಾಗುತ್ತದೆ ಅಂತ ಅದೇ ಗುರುತಿಸಿ ಮುಂಚಿನದ್ದನ್ನು ಕತ್ತರಿಸುತ್ತಿತ್ತು. ಸರ್ವರ್ ಖರ್ಚು ಉಳಿಯಲಿ ಅಂತ ಮೂಲ ಫೈಲನ್ನು ಇಟ್ಟುಕೊಳ್ಳಲೂ ಇಲ್ಲ. ಆ ನಿರ್ಧಾರಕ್ಕೆ ಮೀಟಿಂಗಿನಲ್ಲಿ ತಲೆಯಾಡಿಸಿದವರಲ್ಲಿ ನಾನೂ ಒಬ್ಬ.

ಲಾಂಚ್ ದಿನ ಮೊದಲು ಕಣ್ಣಿಗೆ ಬಿದ್ದದ್ದು ಇದಲ್ಲ, ಹುಡುಕಾಟದ ಲಾಗ್, ಅಂದರೆ ಜನ ಏನೇನು ಹುಡುಕಿದರು ಅನ್ನೋ ದಾಖಲೆ. ಜನ ಹುಡುಕುತ್ತಿದ್ದರು, ಹಾಡು ನಮ್ಮಲ್ಲಿ ಇತ್ತು, ಆದರೂ ಸಿಗುತ್ತಿರಲಿಲ್ಲ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಒಂದನ್ನೇ ತಗೊಳ್ಳಿ. ಲಕ್ಷ್ಮಿಗೆ ಹ್ರಸ್ವ ಹಾಕಿದವರು, ದೀರ್ಘ ಹಾಕಿದವರು, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ನಡುವೆ ಎಕ್ಸ್ ಹಾಕಿದವರು. ಪುರಂದರದಾಸರ ಅಂಕಿತವೂ (ಪದದೊಳಗೆ ಬರುವ ಗುರುತಿನ ಹೆಸರು) ಅಷ್ಟೇ, ವಿಠಲ, ವಿಟ್ಠಲ, ವಿಠ್ಠಲ. ಇಷ್ಟೇ ಆದರೆ ಹೇಗೋ ಸರಿ ಮಾಡಬಹುದಿತ್ತು. ನಮ್ಮ 'ೋ' ಚಿಹ್ನೆಯನ್ನು ಕಂಪ್ಯೂಟರ್ ಒಳಗೆ ಒಂದೇ ಸಂಕೇತವಾಗಿ ಇಡಬಹುದು, ಎರಡು ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ ಪದ. ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಬೇಕು ಅಂತ ನನಗೆ ಗೊತ್ತಿರಬೇಕಿತ್ತು.

ಫೈಲುಗಳ ಒಳಗಿನ ಹೆಸರುಗಳದ್ದು ಬೇರೆಯೇ ಗೋಳು. ಎಂಪಿ3 ಫೈಲಿನ ಹಳೇ ಟ್ಯಾಗ್ ಪದ್ಧತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಜಾಗ. ಈಗ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ, ಒಂದೊಂದು ಒತ್ತಿನ ಕೊಂಡಿ, ಎಲ್ಲಕ್ಕೂ ಮೂರು ಮೂರು ಬೈಟ್. ಆ 30 ಬೈಟಿನಲ್ಲಿ ಕನ್ನಡ ತುರುಕಿದರೆ 'ಭಾಗ್ಯದ ಲಕ್' ಅಂತ ಬಂದು ನಿಂತುಬಿಡುತ್ತದೆ. 'ನುಡಿ', 'ಬರಹ' ಅನ್ನೋ ಹಳೇ ಕನ್ನಡ ತಂತ್ರಾಂಶಗಳ ಫಾಂಟಿನಲ್ಲಿ ಟೈಪ್ ಮಾಡಿದ್ದ ಹೆಸರುಗಳು ಅರ್ಥವಾಗದ ಚಿಹ್ನೆಗಳ ಸಾಲಾಗಿ ಬರುತ್ತಿದ್ದವು. ಉಳಿದವುಗಳ ಹೆಸರು 'ಟ್ರ್ಯಾಕ್ 03'.

ಇದರಲ್ಲಿ ಮುಳುಗಿದ್ದಾಗ ಒಂದು ಫೋನ್ ಬಂತು. ಹಾವೇರಿ ಕಡೆಯ ಹುಡುಗ, ಅವರ ಅಜ್ಜ ಏಕತಾರಿ ಹಿಡಿದು ಹಾಡಿದ ತತ್ವಪದ ಹಾಕಿದ್ದ.

"ಸರ್, ಅಜ್ಜಾರ ಮಾತು ಎಲ್ಲಿ ಹೋತ್ರೀ? ಪದಾ ಅಷ್ಟ ಐತಿ."

ನನಗೆ ಅರ್ಥವಾಗಲಿಲ್ಲ. ಮಾತು ಅಂದರೆ ಯಾವ ಮಾತು ಅಂತ ಕೇಳಿದೆ. ಅವನ ಹತ್ತಿರ ಮೂಲ ಇತ್ತು, ಕಳಿಸಿದ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ತಂತಿ ಬಿಗಿ ಮಾಡುವ ಸದ್ದು. ಒಂದು ಸಲ ಕೆಮ್ಮು. ಆಮೇಲೆ ಅಜ್ಜ ನಿಧಾನವಾಗಿ ತನ್ನ ಹೆಸರು ಹೇಳುತ್ತಾರೆ, ಊರು ಹೇಳುತ್ತಾರೆ, ಈ ಪದ ಕಲಿಸಿದ ಗುರುವಿನ ಹೆಸರು ಹೇಳುತ್ತಾರೆ, ಆ ಗುರುವಿನ ಊರನ್ನೂ ಹೇಳುತ್ತಾರೆ. ಆಮೇಲೇ ಹಾಡು. ಕ್ಯಾಟಲಾಗಿಗೆ ನಾನು ಹುಡುಕುತ್ತಿದ್ದುದೆಲ್ಲ ಅಲ್ಲೇ ಇತ್ತು. ಕಸ ಅಂತ ನಾವು ಕತ್ತರಿಸಿ ಬಿಸಾಡಿದ್ದು ಅದನ್ನೇ.

ಅವತ್ತು ರಾತ್ರಿ ಗಾಯಕಿ ಗೌಹರ್ ಜಾನ್ ನೆನಪಾದರು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದವರು, 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡರು. ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ದನಿ ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ವಾ? ಇನ್ನೂ ಹಿಂದೆ ಹೋದರೆ ನಮ್ಮ ವಚನಕಾರರು, ದಾಸರು ಹೆಸರನ್ನು ಪದದ ಒಳಗೇ ಕೂರಿಸಿದ್ದಾರೆ. ಕೂಡಲಸಂಗಮದೇವ ಅಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು, ಶಿಶುನಾಳಧೀಶ ಅಂದರೆ ಷರೀಫರು. ಕಾಗದ ಹರಿದರೂ ಪದ ಬಾಯಲ್ಲಿ ಉಳಿದರೆ ಹೆಸರೂ ಜೊತೆಗೇ ಉಳಿಯುತ್ತದೆ.

ಮಾರನೇ ದಿನವೇ ಕತ್ತರಿ ನಿಲ್ಲಿಸಿದೆವು. ಈಗ ಮೂಲ ಫೈಲ್ ಹಾಗೇ ಇರುತ್ತದೆ. ಅವಸರದಲ್ಲಿರುವವರಿಗೆ 'ಹಾಡಿಗೆ ಹೋಗಿ' ಅನ್ನೋ ಬಟನ್ ಇದೆ. ಪದ ಬೇರೆ, ಹಾಡಿಕೆ ಬೇರೆ ಅಂತ ಪಟ್ಟಿಯನ್ನೂ ಒಡೆದೆವು. ಮೊದಲು ಎರಡಕ್ಕೂ ಸೇರಿ ಒಂದೇ ಸಾಲು ಇತ್ತು. ಒಡೆದ ಮೇಲೆ 'ಅದೇ ಪದ, ಬೇರೆ ದನಿ' ಅಂತ ತೋರಿಸುವುದು ಸಾಧ್ಯವಾಯಿತು. ಹೊಸ ಹಾಡು ಹುಡುಕಿಕೊಡೋಕೆ ನಾವು ಮಾಡಿದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಇದೊಂದೇ. 'ಜಾಸ್ತಿ ಕೇಳಿದವು' ಅನ್ನೋ ಪಟ್ಟಿ ಇತ್ತು. ಅದರಲ್ಲಿ ಮೊದಲ ವಾರ ಮೇಲೆ ಬಂದವೇ ಮೇಲೆ ಉಳಿದವು, ಯಾಕೆಂದರೆ ಮೇಲಿರುವುದನ್ನೇ ಎಲ್ಲರೂ ಒತ್ತುತ್ತಾರೆ. ಗೊತ್ತಿರುವ ಪದದಿಂದ ಗೊತ್ತಿಲ್ಲದ ದನಿಗೆ ಹೋಗುವ ದಾರಿ ಬೇರೆ. ಭೀಮಸೇನ ಜೋಶಿಯವರ ದನಿಯಲ್ಲಿ ಕೇಳಿ ಬೆಳೆದ ಪದವನ್ನು ಹುಡುಕಿಕೊಂಡು ಬಂದವರು ಯಾವುದೋ ಊರಿನ ಭಜನೆ ಮಂಡಳಿಯವರು ಹಾಡಿದ್ದನ್ನು ಪೂರ್ತಿ ಕೇಳಿ ಹೋಗುತ್ತಾರೆ.

ಅಂಕಿತ ನೋಡಿ ರಚನೆಕಾರರ ಹೆಸರು ತಾನಾಗಿ ತುಂಬುವ ಹಾಗೆ ಮಾಡಿದ್ದೇವೆ. ಆದರೆ 'ರಚನೆ' ಅಂತ ಬರೆಯುವುದಿಲ್ಲ, 'ಅಂಕಿತದ ಪ್ರಕಾರ' ಅಂತ ಬರೆಯುತ್ತೇವೆ. ಬಾಯಿಂದ ಬಾಯಿಗೆ ಬರುವಾಗ ಒಬ್ಬರ ಪದಕ್ಕೆ ಇನ್ನೊಬ್ಬರ ಅಂಕಿತ ಸೇರಿಕೊಂಡದ್ದೂ ಇದೆ.

ಹಕ್ಕುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದಾಸರ ಪದ ಎಲ್ಲರದ್ದು, ಆದರೆ ಅದರ ಕ್ಯಾಸೆಟ್ ಎಲ್ಲರದ್ದಲ್ಲ. ನಮ್ಮ ಕಾಯ್ದೆಯಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ ಅವರ ಕವಿತೆಗಳಿಗೆ 2041ರ ಕೊನೆವರೆಗೂ ಅನುಮತಿ ಬೇಕು. ಪ್ರೀತಿಯಿಂದ ಹಾಕಿದ್ದ ಎಷ್ಟೋ ಭಾವಗೀತೆಗಳನ್ನು ಇಳಿಸಬೇಕಾಯಿತು. ಇಳಿಸುವ ಮುಂಚೆ ಹಾಕಿದವರಿಗೆ ಫೋನ್ ಮಾಡಿ ಕಾರಣ ಹೇಳಿದೆವು.

ಹಾವೇರಿಯ ಅಜ್ಜನ ಮಾತು ಈಗ ಪದದ ಜೊತೆಗೇ ಇದೆ. ಅವರಿಂದಾಗಿ ಪಟ್ಟಿಯಲ್ಲಿ 'ಕಲಿಸಿದವರು' ಅಂತ ಒಂದು ಖಾನೆ ಬಂತು. ಅದನ್ನು ಒತ್ತಿದರೆ ಅದೇ ಗುರುವಿನ ಹತ್ತಿರ ಕಲಿತ ಇನ್ನೊಬ್ಬರ ಹಾಡೂ ಸಿಗುತ್ತದೆ. ಆ ಇಬ್ಬರಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗಿರಲಿಲ್ಲ.

ಮೊದಲ ದಿನಗಳಲ್ಲಿ ಕತ್ತರಿಸಿದವುಗಳಲ್ಲಿ ಹನ್ನೊಂದರ ಮೂಲ ಸಿಗಲೇ ಇಲ್ಲ. ಕೆಲವರ ಫೋನ್ ಕೆಟ್ಟಿದೆ, ಕೆಲವರು ಅಳಿಸಿದ್ದಾರೆ, ಇಬ್ಬರು ಕರೆಯನ್ನೇ ಎತ್ತುತ್ತಿಲ್ಲ. ಅವುಗಳಲ್ಲಿ ಒಂದು ಸೋಬಾನೆ ಪದ ಇದೆ, ವಯಸ್ಸಾದ ಹೆಂಗಸಿನ ದನಿ. ಪ್ರೋಗ್ರಾಂ ಅಲ್ಲಿ ಹಾಡಿಗಿಂತ ಚೂರು ಮುಂಚೆಯೇ ಕತ್ತರಿಸಿದೆ. ಹಾಡು ಶುರುವಾಗುವ ಮುಂಚೆ, ಗಮನ ಇಟ್ಟು ಕೇಳಿದರೆ, ಒಂದು ಹೆಸರಿನ ಕೊನೆ ಮಾತ್ರ ಉಳಿದಿದೆ: "...ವ್ವ ಅಂತ."