ಮೇರುವಿನ ದಕ್ಷಿಣದಲ್ಲಿ ಗ್ರಹಣಜಪ

ದೇಶ–ಕಾಲಗಳನ್ನು ಉಚ್ಚರಿಸಿ ಸಂಕಲ್ಪ ಮಾಡದೆ ಯಾವ ಜಪವನ್ನೂ ಆರಂಭಿಸಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. 2018ರ ಜುಲೈ 27ರ ಶುಕ್ರವಾರ, ವಿಲಂಬಿ ಸಂವತ್ಸರದ ವ್ಯಾಸಪೂರ್ಣಿಮೆಯ ರಾತ್ರಿ ಕೇತುಗ್ರಸ್ತ ಚಂದ್ರಗ್ರಹಣ ಸಂಭವಿಸಿದಾಗ ನಾನು ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್‌ನಲ್ಲಿರುವ ನಮ್ಮ ದೇಶದ ಮೈತ್ರಿ ನೆಲೆಯಲ್ಲಿ ಚಳಿಗಾಲ ಕಳೆಯುತ್ತಿದ್ದೆ. ಆಚಮನ ಮಾಡಿ "ದಕ್ಷಿಣಾಯನೇ, ಗ್ರೀಷ್ಮಋತೌ, ಆಷಾಢಮಾಸೇ" ಎಂದು ಹೇಳುವಾಗ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗಿನ ಚಳಿ. ಎರಡು ತಿಂಗಳ ಕತ್ತಲು ಕಳೆದು ಸೂರ್ಯ ಮಧ್ಯಾಹ್ನದ ಹೊತ್ತು ದಿಗಂತದಲ್ಲಿ ಆಗಷ್ಟೇ ಮುಖ ತೋರಿಸತೊಡಗಿದ್ದ. ಆದರೂ ಗ್ರೀಷ್ಮವೆಂದೇ ಹೇಳಿದೆ. ನನ್ನ ಪಿತೃಗಳು ಯಾವ ಪಂಚಾಂಗ ಹಿಡಿದು ನಡೆದರೋ ಅದೇ ನನಗೂ ಪ್ರಮಾಣ. ಮುಂದೆ "ಮೇರೋರ್ದಕ್ಷಿಣೇ ಪಾರ್ಶ್ವೇ", ಅಂದರೆ ಮೇರುಪರ್ವತದ ದಕ್ಷಿಣ ಭಾಗದಲ್ಲಿ, ಎಂಬಲ್ಲಿಗೆ ಬಂದಾಗ ನಾಲಿಗೆ ತಾನಾಗಿ ನಿಂತಿತು. ಬಾಲ್ಯದಿಂದ ಬಾಯಿಪಾಠವಾಗಿದ್ದ ಆ ಮಾತು ಎಪ್ಪತ್ತು ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ನಿಂತವನ ಬಾಯಲ್ಲಿ ಎಷ್ಟು ನಿಜವಾಯಿತೆಂಬುದನ್ನು ನೆನೆದು ಮೈ ಜುಮ್ಮೆಂದಿತು.

ದೇವತೆಗಳು ಮೇರುವಿನ ಉತ್ತರದ ತುದಿಯಲ್ಲೂ ಅಸುರರು ದಕ್ಷಿಣದ ತುದಿಯಲ್ಲೂ ವಾಸಿಸುವರೆಂದೂ, ಆ ಎರಡೂ ಕಡೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿಯೆಂದೂ ನಮ್ಮ ಪ್ರಾಚೀನ ಖಗೋಳಗ್ರಂಥವಾದ ಸೂರ್ಯಸಿದ್ಧಾಂತ ಹೇಳುತ್ತದೆ. ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳೆಂಬುದನ್ನೂ ಅದೇ ಗ್ರಂಥ ಹೇಳುತ್ತದೆ. ನೆರಳಿನ ಲೆಕ್ಕ ಹಾಕಿದವರೇ ರಾಹುಕೇತುಗಳ ಕಥೆಯನ್ನೂ ಉಳಿಸಿಕೊಂಡು, ಸ್ಪರ್ಶಕ್ಕೆ (ಗ್ರಹಣ ಹಿಡಿದಾಗ) ಸ್ನಾನ, ಮಧ್ಯದಲ್ಲಿ ಜಪ, ಮೋಕ್ಷಕ್ಕೆ (ಗ್ರಹಣ ಬಿಟ್ಟಾಗ) ಮತ್ತೆ ಸ್ನಾನ, ಅನಂತರ ದಾನ ಎಂಬ ಕ್ರಮವನ್ನು ಪಾಲಿಸಿಕೊಂಡು ಬಂದರು.

ಭಾರತೀಯ ಕಾಲಮಾನ ರಾತ್ರಿ 11:54ಕ್ಕೆ ಸ್ಪರ್ಶ. ನೆಲೆಯ ಹೊರಗೆ, ಗಾಳಿಗೆ ಮರೆಯಾದ ಬಂಡೆಯೊಂದರ ಬದಿಯಲ್ಲಿ ನಿಂತು ನೋಡಿದೆ. ನಮ್ಮೂರಿನಲ್ಲಿ ಅದೇ ಹೊತ್ತಿಗೆ ಚಂದ್ರನ ಎಡ ಅಂಚು ಕಪ್ಪಾಗುತ್ತಿತ್ತು. ದಕ್ಷಿಣ ಗೋಳಾರ್ಧದಲ್ಲಿ ನಿಂತ ನನಗೆ ನೆರಳು ಬಲದಿಂದ ಏರುತ್ತಿರುವುದು ಕಾಣಿಸಿತು. ಚಂದ್ರನೊಳಗಿನ ಮೊಲವೂ ಅಲ್ಲಿ ತಲೆಕೆಳಗು. ರಾತ್ರಿ ಒಂದಕ್ಕೆ ಗ್ರಾಸ ಪೂರ್ಣವಾಯಿತು. ಅಷ್ಟು ಹೊತ್ತು ಬೆಳದಿಂಗಳಲ್ಲಿ ಹೊಳೆಯುತ್ತಿದ್ದ ಹಿಮವೆಲ್ಲ ಕಂದಿಹೋಗಿ, ಆಕಾಶಗಂಗೆ ತಲೆಯ ಮೇಲೆ ಸ್ಪಷ್ಟವಾಗಿ ಮೂಡಿತು. ತಾಮ್ರವರ್ಣಕ್ಕೆ ತಿರುಗಿದ ಚಂದ್ರನ ಪಕ್ಕದಲ್ಲೇ, ಆ ದಿನಗಳಲ್ಲಿ ಭೂಮಿಗೆ ಬಹಳ ಸಮೀಪದಲ್ಲಿದ್ದ ಅಂಗಾರಕ (ಮಂಗಳ) ಕೆಂಡದಂತೆ ಉರಿಯುತ್ತಿದ್ದ. ಭೂಮಿಯ ಸುತ್ತಲಿನ ಎಲ್ಲ ಉದಯಾಸ್ತಗಳ ಕೆಂಬೆಳಕು ವಾಯುಮಂಡಲದಲ್ಲಿ ಬಾಗಿ ಚಂದ್ರನನ್ನು ಮುಟ್ಟುವುದರಿಂದ ಆ ಬಣ್ಣ ಬರುತ್ತದೆ. ಎಷ್ಟೋ ನದೀತೀರಗಳಲ್ಲಿ ಆಗ ಸಂಧ್ಯಾವಂದನೆಗೆ ಅರ್ಘ್ಯ ಎತ್ತಿದ ಕೈಗಳ ಮೇಲೆ ಬಿದ್ದ ಬೆಳಕೂ ಅದರಲ್ಲಿ ಸೇರಿದ್ದಿರಬೇಕೆಂದು ಭಾವಿಸಿ ಕೈ ಮುಗಿದೆ.

ಆಗ ನನ್ನ ಮನಸ್ಸನ್ನು ತುಂಬಿದವರು ನನ್ನ ಸೋದರತ್ತೆ. ಅವರು ತೀರ್ಥಹಳ್ಳಿಯಲ್ಲಿ ಗ್ರಹಣವೆಂದರೆ ತುಂಗೆಗೆ ಇಳಿದು, ಸೊಂಟದವರೆಗೆ ನೀರಿನಲ್ಲಿ ನಿಂತು, ಸ್ಪರ್ಶದಿಂದ ಮೋಕ್ಷದವರೆಗೆ ಪಂಚಾಕ್ಷರಿಯನ್ನು ಜಪಿಸುತ್ತಿದ್ದರು. ಜಪಸರ ಹಿಡಿದವರಲ್ಲ, ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು. ನೀರಿನಿಂದ ಮೇಲೆ ಬಂದಾಗ ಆ ಬೆರಳ ತುದಿಗಳು ಬೆಳ್ಳಗೆ ನಿರಿಗೆಗಟ್ಟಿರುತ್ತಿದ್ದವು, ತುಟಿ ನೀಲಿಯಾಗಿರುತ್ತಿತ್ತು, ಆದರೂ ಒಣಸೀರೆ ಉಡುವ ಮೊದಲು ದಾನದ ಅಕ್ಕಿಯನ್ನು ಮೊರಕ್ಕೆ ಸುರಿಯುತ್ತಿದ್ದರು. "ಚಳಿ ಆಗೋದಿಲ್ವಾ ಅತ್ತೆ?" ಎಂದು ಕೇಳಿದ್ದಕ್ಕೆ, "ಚಂದ್ರನ್ನ ತಲೆ ಮೇಲೆ ಇಟ್ಕೊಂಡವನಿಗೆ ಇವತ್ತು ಎಷ್ಟು ಸಂಕಟವೋ, ನನ್ನ ಚಳಿ ಏನು ಮಹಾ ಮಗಾ" ಎಂದಿದ್ದರು. ಮೈತ್ರಿಯಲ್ಲಿ ನನ್ನ ಕೈಗೆ ದಪ್ಪ ಗವಸು. ಅದರೊಳಗೇ ಹೆಬ್ಬೆರಳನ್ನು ಒಂದೊಂದು ಗೆಣ್ಣಿಗೆ ಒತ್ತಿ ಎಣಿಸಿದೆ. ಬೆರಳು ಮರಗಟ್ಟಿ ಗೆಣ್ಣು ಯಾವುದೆಂದು ತಿಳಿಯದಾದಾಗ ಒಳಗೆ ಬಂದು, ಕಿಟಕಿಯ ಬಳಿ ಕುಳಿತು ಮುಂದುವರಿಸಿದೆ. ಚಂದ್ರ ಭೂಮಿಯಿಂದ ದೂರದಲ್ಲಿದ್ದು ಮೆಲ್ಲನೆ ಸಾಗುತ್ತ ನೆರಳಿನ ನಡುಭಾಗವನ್ನೇ ಹಾದುಹೋದುದರಿಂದ ಪೂರ್ಣಗ್ರಾಸ 103 ನಿಮಿಷಗಳ ಕಾಲ ಇತ್ತು. ಈ ಶತಮಾನದಲ್ಲಿ ಇಷ್ಟು ದೀರ್ಘವಾದದ್ದು ಇನ್ನೊಂದಿಲ್ಲ.

3:49ಕ್ಕೆ ಮೋಕ್ಷ. ನೆಲೆಗೆ ನೀರು ಬರುವುದು ಪ್ರಿಯದರ್ಶಿನಿ ಸರೋವರದಿಂದ, ಅಂದರೆ ಕರಗಿದ ಹಿಮದಿಂದಲೇ. ಆ ಭೂಖಂಡದಲ್ಲಿ ಭಾರತೀಯರು ಕಟ್ಟಿದ ಮೊದಲ ನೆಲೆಗೆ ದಕ್ಷಿಣ ಗಂಗೋತ್ರಿ ಎಂದು ಹೆಸರಿಟ್ಟಿದ್ದರು. ಅದನ್ನು ಹಿಮ ನುಂಗಿದೆ. ಆ ಹೆಸರನ್ನು ಸ್ಮರಿಸಿ "ಗಂಗೇ ಚ ಯಮುನೇ ಚೈವ" ಎನ್ನುತ್ತ ಒಂದು ಚೊಂಬು ನೀರನ್ನು ಕಾಯಿಸದೆ ತಲೆಗೆ ಸುರಿದುಕೊಂಡೆ. ಅತ್ತೆಯವರ ನಿರಿಗೆಗಟ್ಟಿದ ಬೆರಳುಗಳೇ ನೆತ್ತಿಯನ್ನು ಮುಟ್ಟಿದಂತಾಯಿತು.

ಸಂಕಲ್ಪಿಸಿದ್ದ ಅಕ್ಕಿ ಮತ್ತು ಹುರುಳಿಯ ದಾನವನ್ನು ಊರಿಗೆ ಮರಳಿದ ಮೇಲೆ ತುಂಗೆಯ ದಡದಲ್ಲಿ ಕೊಟ್ಟೆ. ಗ್ರಹಣದ ರಾತ್ರಿ ಅಲ್ಲಿ ನೀರಿಗಿಳಿಯುವವರು ಈಗ ಬೆರಳೆಣಿಕೆಯಷ್ಟೆಂದು ತಿಳಿದು ನೋವಾಯಿತು. ರಾಶಿಫಲ ಕೇಳಿ ಹೆದರುವವರಿದ್ದಾರೆ, ಮೊಬೈಲಿನಲ್ಲಿ ಚಿತ್ರ ತೆಗೆದು ಮಲಗುವವರಿದ್ದಾರೆ, ಜಪಕ್ಕೆ ಕೂರುವವರು ಕಡಿಮೆ. 2028ರ ಡಿಸೆಂಬರ್ 31ರ ರಾತ್ರಿ, ಧನುರ್ಮಾಸದ ಹುಣ್ಣಿಮೆಯಂದು, ನಮ್ಮ ನಾಡಿನಲ್ಲಿ ಖಗ್ರಾಸ ಚಂದ್ರಗ್ರಹಣವಿದೆ. ಹೊಸ ವರ್ಷದ ಗದ್ದಲದ ನಡುವೆ ಹತ್ತೂಕಾಲರ ಸುಮಾರಿಗೆ ಚಂದ್ರ ಪೂರ್ಣ ನೆರಳಿನಲ್ಲಿರುತ್ತಾನೆ. ಮೈತ್ರಿಯಲ್ಲಿ ಆಗ ಮುಳುಗದ ಸೂರ್ಯನ ಕಾಲ, ಅಲ್ಲಿರುವವರಿಗೆ ಗ್ರಹಣ ಕಾಣುವುದಿಲ್ಲ. ಕಾಣುವ ನಾಡಿನಲ್ಲಿರುವ ನಾವು ಮನೆಮಕ್ಕಳನ್ನು ಕೂರಿಸಿಕೊಂಡು ಒಂದು ನೂರೆಂಟಾದರೂ ಜಪಿಸೋಣವೆಂದು ಬೇಡಿಕೊಳ್ಳುತ್ತೇನೆ.